ರಾತ್ರಿ 2 ಗಂಟೆಗೆ ಐರ್ಲೆಂಡಿಗೆ ಹೋಗಿದ್ದೇನು?

ರಮೇಶ: (ಸ್ಕ್ರೀನ್‌ಶಾಟ್) ಎಲ್ಲರೂ ನೋಡಿ. ಯಾವ ಆಪ್ ಎಲ್ಲಿಗೆ ಡೇಟಾ ಕಳಿಸುತ್ತದೆ ಅಂತ ತೋರಿಸಿ, ಬೇಡವಾದದ್ದನ್ನು ತಡೆಯುವ ಫೈರ್‌ವಾಲ್ ಆಪ್ ಹಾಕಿಕೊಂಡಿದ್ದಕ್ಕೆ ಗೊತ್ತಾಯಿತು. ರಾತ್ರಿ 2 ಗಂಟೆಗೆ, ನಾವು ಮಲಗಿದ್ದಾಗ, ವಾಟ್ಸಾಪ್ ಐರ್ಲೆಂಡಿಗೆ 140 ಎಂಬಿ ಕಳಿಸಿದೆ! ನಮ್ಮ ಫೋಟೋಗಳೇ ಇರಬೇಕು.

ಸುಮಾ: ಅಯ್ಯೋ! ಈಗಲೇ ಡಿಲೀಟ್ ಮಾಡಲಾ ಅಣ್ಣ?

ರಮೇಶ: ಮಾಡು. ಎಲ್ಲರೂ ಟೆಲಿಗ್ರಾಮ್‌ಗೆ ಬನ್ನಿ.

ಅನಘಾ: ಅತ್ತೆ, ತಡೆಯಿರಿ. ಚಿಕ್ಕಪ್ಪ, ಅದರಲ್ಲಿ ವಾಟ್ಸಾಪ್‌ನದ್ದೇ ಎರಡು ಸಾಲು ಇವೆ. ಐರ್ಲೆಂಡ್ ಸಾಲಿನಲ್ಲಿ ಹೋಗಿರುವುದು ಬರೀ 6 ಕೆಬಿ. 140 ಎಂಬಿ ಇರುವುದು ಕೆಳಗಿನ ಗೂಗಲ್ ಸಾಲಿನಲ್ಲಿ. ಅದು ಬ್ಯಾಕಪ್, ಅಂದರೆ ನಿಮ್ಮ ಚಾಟ್, ಫೋಟೋಗಳ ಪ್ರತಿ ಗೂಗಲ್‌ನಲ್ಲಿ ಉಳಿಸಿಡುವುದು. ಅದು ನಡೆಯುವುದೇ ರಾತ್ರಿ 2ರ ಸುಮಾರಿಗೆ. ಹೊಸ ಫೋನಿಗೆ ಹಳೇ ಫೋಟೋ ಎಲ್ಲ ಬಂದವು ಅಂತ ಖುಷಿಪಟ್ಟಿರಲ್ಲ, ಮತ್ತೆ ಹೇಗೆ ಬಂದವು?

ರಮೇಶ: 6 ಕೆಬಿಯಾದರೂ ಐರ್ಲೆಂಡಿಗೆ ಯಾಕೆ? ನನಗೆ ಅಲ್ಲಿ ಯಾರಿದ್ದಾರೆ?

ಅನಘಾ: ಆ ಸಾಲಿನಲ್ಲಿ 31.13 ಅಂತ ಶುರುವಾಗುವ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಯಂತ್ರವನ್ನು ಗುರುತಿಸುವ ನಂಬರ್) ಇದೆಯಲ್ಲ, ಅದು ಫೇಸ್‌ಬುಕ್‌ನವರದ್ದು. ವಾಟ್ಸಾಪ್ 2014ರಿಂದ ಅವರದ್ದೇ. ನೋಂದಣಿ ಅವರ ಐರ್ಲೆಂಡ್ ಕಂಪನಿಯ ಹೆಸರಲ್ಲಿದೆ, ಅದಕ್ಕೆ ಆಪ್ ಆ ಬಾವುಟ ತೋರಿಸುತ್ತದೆ. ಡೇಟಾ ತಲುಪುವ ಯಂತ್ರ, ಅಂದರೆ ಸರ್ವರ್, ಮುಂಬೈಯಲ್ಲೋ ಚೆನ್ನೈಯಲ್ಲೋ ಇರಬಹುದು. ಸರ್ವರ್ ಹೆಸರು ಹುಡುಕಿ ನೋಡಿ. ಅದರಲ್ಲಿ ವಿಮಾನ ನಿಲ್ದಾಣದ ಕೋಡ್ ಇರುತ್ತದೆ. ಬಿಒಎಂ ಅಂದರೆ ಮುಂಬೈ, ಎಂಎಎ ಅಂದರೆ ಚೆನ್ನೈ.

ಗಿರೀಶ: ನಾವು ಮಲಗಿದ ಮೇಲೂ ಅದು ಮಾತಾಡಬೇಕಾ?

ಅನಘಾ: ಹೌದು ಮಾವ. ಮೆಸೇಜ್ ಬಂದ ತಕ್ಷಣ ತೋರಿಸಬೇಕು ಅಂದರೆ ಸಂಪರ್ಕ ತೆರೆದೇ ಇರಬೇಕು. ಅದಕ್ಕೆ ಆಗಾಗ ಚೂರು ಚೂರು ಡೇಟಾ ಹೋಗುತ್ತಿರುತ್ತದೆ.

ರಮೇಶ: ನಿನ್ನೆ ಸಂಜೆ ಕೆನಡಾಗೂ ಹೋಗಿದೆ. ಅದು ಫೇಸ್‌ಬುಕ್‌ದೂ ಅಲ್ಲ, ಗೂಗಲ್‌ದೂ ಅಲ್ಲ. ಈಗ ಹೇಳು.

ಪ್ರದೀಪ: ಅಪ್ಪಾ, ನಿನ್ನೆ ಸಂಜೆ ನನಗೆ ಕಾಲ್ ಮಾಡಿದ್ದಿರಲ್ಲ 😀 ಟೊರಾಂಟೊದಲ್ಲಿ ನಾನಲ್ಲದೆ ಇನ್ಯಾರು?

ಅನಘಾ: ಅದೇ. ಇಬ್ಬರೇ ಮಾತಾಡುವಾಗ ಕರೆ ಆದಷ್ಟು ಫೋನಿನಿಂದ ಫೋನಿಗೆ ನೇರವಾಗಿ ಹೋಗುತ್ತದೆ. ಬೇಡ ಅಂದರೆ ಕರೆಯಲ್ಲಿ ಐಪಿ ವಿಳಾಸ ಮುಚ್ಚಿಡುವ ಸೆಟ್ಟಿಂಗ್ 2023ರಿಂದ ಇದೆ. ಆಗ ಕರೆ ಅವರ ಸರ್ವರ್ ಮೂಲಕ ಹೋಗುತ್ತದೆ, ದನಿ ಸ್ವಲ್ಪ ಕೆಡಬಹುದು.

ರಮೇಶ: ಏನು ಕೇಳಿದರೂ ಕಂಪನಿ ಪರವೇ ಮಾತಾಡುತ್ತೀಯ.

ಅನಘಾ: ಇಲ್ಲ ಚಿಕ್ಕಪ್ಪ. ಫೈರ್‌ವಾಲ್ ಓದುವುದು ಲಕೋಟೆ ಮೇಲಿನ ವಿಳಾಸ, ಒಳಗಿನ ಕಾಗದವನ್ನಲ್ಲ. ಅದನ್ನು ನೋಡಿ ಕದ್ದರು ಅನ್ನುವುದಕ್ಕೂ ಆಗಲ್ಲ, ಕದ್ದಿಲ್ಲ ಅನ್ನುವುದಕ್ಕೂ ಆಗಲ್ಲ. ನಮ್ಮ ಮೆಸೇಜು 2016ರಿಂದ ಎನ್‌ಕ್ರಿಪ್ಟ್ ಆಗಿ, ಅಂದರೆ ಕಳಿಸಿದವರು, ಪಡೆದವರು ಮಾತ್ರ ಓದಬಹುದಾದ ಗುಪ್ತ ರೂಪದಲ್ಲಿ ಹೋಗುತ್ತವೆ, ನಡುವೆ ಕಂಪನಿಗೂ ಓದಲು ಬರುವುದಿಲ್ಲ. ಆದರೆ ಯಾರು ಯಾರಿಗೆ, ಯಾವಾಗ ಕಳಿಸಿದರು ಅನ್ನುವುದು ಅವರಿಗೆ ಕಾಣುತ್ತದೆ. ಟೆಲಿಗ್ರಾಮ್‌ಗೆ ಹೋಗಿ ಏನು ಸಿಕ್ಕಿತು? ಅಲ್ಲಿ ಮೆಸೇಜಿಗೆ ಈ ತರದ ಎನ್‌ಕ್ರಿಪ್ಶನ್ ಇರುವುದು ನಾವೇ ಬೇರೆಯಾಗಿ ಶುರುಮಾಡುವ ಸೀಕ್ರೆಟ್ ಚಾಟ್‌ಗೆ ಮಾತ್ರ. ಮಾಮೂಲಿ ಚಾಟ್‌ಗೆ, ಗುಂಪಿಗೆ ಇಲ್ಲ.

ಗಿರೀಶ: ಹಾಗಾದರೆ ಆ 140 ಎಂಬಿ? ಗೂಗಲ್‌ನಲ್ಲಿ ಕೂತಿರುವುದು?

ಅನಘಾ: ಮಾವ ಸರಿಯಾದ ಕಡೆ ಕೈ ಹಾಕಿದರು. ಬ್ಯಾಕಪ್‌ಗೆ ಆ ರಕ್ಷಣೆ ತಾನಾಗಿ ಬರುವುದಿಲ್ಲ. 2021ರಿಂದ ಸೆಟ್ಟಿಂಗ್ ಇದೆ, ನಾವೇ ಆನ್ ಮಾಡಬೇಕು. ಚಿಕ್ಕಪ್ಪ ಐರ್ಲೆಂಡ್ ಬಿಟ್ಟು ಇದಕ್ಕೆ ಗಾಬರಿಯಾಗಿದ್ದರೆ ನಾನೇ ಜೈ ಅನ್ನುತ್ತಿದ್ದೆ. ಆದರೆ ಹುಷಾರು, ಅದರ ಪಾಸ್‌ವರ್ಡ್ ಮರೆತರೆ ವಾಟ್ಸಾಪ್‌ನವರಿಗೂ ಆ ಬ್ಯಾಕಪ್ ತೆಗೆದುಕೊಡಲು ಆಗುವುದಿಲ್ಲ.

ಸುಮಾ: ಮರೆಯದ ಹಾಗೆ ಇಲ್ಲೇ ಗುಂಪಲ್ಲಿ ಹಾಕಿಡಲಾ?

ಅನಘಾ: ಅತ್ತೇ!! ಬೇಡ. ಡೈರಿಯಲ್ಲಿ ಬರೆದಿಡಿ.

ರಮೇಶ: ಅಂತೂ ನಾನು ಹೇಳಿದ್ದು ಅರ್ಧ ನಿಜ.

ಅನಘಾ: ಕಾಲು ಭಾಗ.

ರಮೇಶ: ಏನಾದರಾಗಲಿ, ಫೈರ್‌ವಾಲ್ ತೆಗೆಯುವುದಿಲ್ಲ.

ಅನಘಾ: ತೆಗೆಯಬೇಡಿ. ನಿಮ್ಮ ಸ್ಕ್ರೀನ್‌ಶಾಟ್‌ನ ಕೊನೇ ಸಾಲು ನೋಡಿದಿರಾ? ಟಾರ್ಚ್ ಆಪ್ 22 ಎಂಬಿ ಕಳಿಸಿದೆ. ಟಾರ್ಚ್‌ಗೆ ಇಂಟರ್ನೆಟ್ ಯಾಕೆ ಬೇಕು? ಅದನ್ನು ಮೊದಲು ಬ್ಲಾಕ್ ಮಾಡಿ.