ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊ: ವಯಸ್ಸಾದವರಿಗೆ ಯಾವ ದಾರಿ?

ಮೈಸೂರಲ್ಲಿರೋ ಅಪ್ಪ (71), ಅಮ್ಮ (66) ಮೇ ತಿಂಗಳಲ್ಲಿ ಮೊದಲ ಸಲ ನಮ್ಮನೆಗೆ ಬರ್ತಿದ್ದಾರೆ. ದೂರ ಸುಮಾರು 14,000 ಕಿ.ಮೀ. ಒಂದು ಟಿಕೆಟ್ 22 ಗಂಟೆ ಅನ್ನುತ್ತೆ, ಇನ್ನೊಂದು 30. ಅಮ್ಮನಿಗೆ ಮಂಡಿನೋವು. ಕರ್ಕೊಂಡು ಬಂದವರು ಹೇಗೆ ಮಾಡಿದ್ರಿ, ದಯವಿಟ್ಟು ಹೇಳಿ.

— ನಾವು 2023ರ ಡಿಸೆಂಬರ್‌ನಲ್ಲಿ ಅತ್ತೆ-ಮಾವನ್ನ ಏರ್ ಇಂಡಿಯಾದ ನೇರ ವಿಮಾನದಲ್ಲಿ ಕರ್ಕೊಂಡು ಬಂದ್ವಿ. ಮಧ್ಯಾಹ್ನ ಹತ್ತಿದ್ದು, ಇಳಿದಾಗ ಅದೇ ದಿನದ ಸಂಜೆ. ಮಾವ ಗಡಿಯಾರ ನೋಡಿ "ಎರಡೂವರೆ ಗಂಟೇಲಿ ಅಮೆರಿಕ!" ಅಂದ್ರು. ಕೂತಿದ್ದು 16 ಗಂಟೆ. ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ ಹದಿಮೂರೂವರೆ ಗಂಟೆ ವ್ಯತ್ಯಾಸ. ನೀವು ಹೇಳಿದ ಮೇ ತಿಂಗಳಲ್ಲಿ ಹನ್ನೆರಡೂವರೆ. ಆದ್ದರಿಂದ ಟಿಕೆಟ್ ಮೇಲಿನ ಹೊರಡೋ, ಇಳಿಯೋ ಸಮಯ ಕಳೆದು ಲೆಕ್ಕ ಹಾಕಬೇಡಿ. ನೇರ ವಿಮಾನದ ವೇಳಾಪಟ್ಟಿ ಬದಲಾಗ್ತಾನೇ ಇರುತ್ತೆ, ನಿಮ್ಮ ದಿನಾಂಕಕ್ಕೆ ಇದೆಯಾ ಮೊದಲು ನೋಡಿ. ಅತ್ತೆಯ ಕಾಲು ಮಾತ್ರ ಬಾತುಕೊಂಡು ಮೂರು ದಿನ ಚಪ್ಪಲಿ ಹಿಡಿಯಲಿಲ್ಲ.

— ಅದಕ್ಕೇ ನಾನು ಫ್ರಾಂಕ್‌ಫರ್ಟ್ ದಾರಿ ಹಿಡಿದೆ. ನನಗೂ 69, ಮಂಡಿ ನನ್ನ ಮಾತು ಕೇಳಲ್ಲ. ದುಬೈ ಮೇಲೆ ಹೋದರೆ ಮೊದಲು 4 ಗಂಟೆ, ಆಮೇಲೆ ಒಂದೇ ಸಮನೆ 16 ಗಂಟೆ. ನೇರ ವಿಮಾನದಷ್ಟೇ ಕೂರಬೇಕು, ಮೇಲೆ ಇಳಿದು ಹತ್ತೋ ಕಷ್ಟ ಬೇರೆ. ಫ್ರಾಂಕ್‌ಫರ್ಟ್ ಹೆಚ್ಚುಕಮ್ಮಿ ನಡುವೆ ಬರುತ್ತೆ: 7,400 ಕಿ.ಮೀ. ಒಂದು ಹಾರಾಟ, 9,100 ಇನ್ನೊಂದು. ಒಟ್ಟು ದೂರ ಎರಡೂವರೆ ಸಾವಿರ ಹೆಚ್ಚಾದರೂ ಹತ್ತು, ಹನ್ನೊಂದು ಗಂಟೆಗೆ ಎದ್ದು ನಡೆಯಬಹುದು. ಬದಲಿಸೋಕೆ ಮೂರು ಗಂಟೆಯಾದರೂ ಇರಲಿ. ವೀಲ್‌ಚೇರ್ ಟಿಕೆಟ್ ತೆಗೆಯುವಾಗಲೇ ಹೇಳಿ, ಅಲ್ಲಿ ಹೋಗಿ ಕೇಳೋಣ ಅಂದುಕೊಳ್ಳಬೇಡಿ. ನಾನು ಅಭಿಮಾನಕ್ಕೆ ಬೇಡ ಅಂದಿದ್ದೆ, ಆ ಗೇಟಿಂದ ಈ ಗೇಟಿಗೆ ನಡೆದು ಬುದ್ಧಿ ಬಂತು.

— ಮೈಸೂರಿಂದ ದೇವನಹಳ್ಳಿ ಲೆಕ್ಕಕ್ಕೆ ಸೇರಿಸಿದ್ರಾ? ಫ್ಲೈಬಸ್‌ನಲ್ಲಿ ನಾಲ್ಕು ಗಂಟೆ, ವಿಮಾನಕ್ಕೆ ಮೂರು ಗಂಟೆ ಮುಂಚೆ ಅಲ್ಲಿರಬೇಕು. ಏಳು ಗಂಟೆ ನೆಲದ ಮೇಲೇ ಹೋಯ್ತು. ನಾವು ಹಿಂದಿನ ದಿನವೇ ಯಲಹಂಕದ ನೆಂಟರ ಮನೇಲಿ ಉಳಿಸಿದ್ವಿ. ಮತ್ತೆ, ಕರಿಬೇವು ಕಟ್ಟಿ ಕಳಿಸಬೇಡಿ, ಅಮೆರಿಕದಲ್ಲಿ ಕಿತ್ತುಕೊಳ್ತಾರೆ.

— ಎಲ್ಲರಿಗೂ ಧನ್ಯವಾದ. ಫ್ರಾಂಕ್‌ಫರ್ಟ್ ಕಡೆಗೇ ಮನಸ್ಸು. ಅಪ್ಪ ಮೊಮ್ಮಗನ ಗ್ಲೋಬಿನ ಮೇಲೆ ದಾರ ಎಳೆದು ನೋಡಿದ್ದಾರೆ, ನೇರ ದಾರಿ ಉತ್ತರಕ್ಕೆ ಬಾಗಿ ಸೈಬೀರಿಯಾದ ಮೇಲೆ ಹೋಗುತ್ತಂತೆ. ಅದನ್ನ ಕಿಟಕಿಯಿಂದ ನೋಡಬೇಕು ಅಂತ ಹಠ. ಅಮ್ಮ ಕರಿಬೇವನ್ನ ಒಣಗಿಸಿ ತರಬಹುದಾ ಅಂತ ಕೇಳ್ತಿದ್ದಾರೆ.