ಸಹಾಯ ಬೇಕು: ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230 ಕಾರಿಗೆ ಡಿಎಸ್‌ಜಿ (ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಆಯಿಲ್ ಸರಿಯಾಗಿ ಬದಲಿಸುವವರು ಯಾರು?

ಕಾರವಾರದ ಗಾಡಿ, 60,000 ಕಿ.ಮೀ. ಆಗ್ತಾ ಬಂತು. ಹುಬ್ಬಳ್ಳಿ ಅಥವಾ ಗೋವಾದಲ್ಲಿ ಇದರ ಡಿಕ್ಯೂ250 ಗೇರ್‌ಬಾಕ್ಸ್ ಬಲ್ಲ ಸರ್ವಿಸ್ ಅಡ್ವೈಸರ್ ಇದ್ದರೆ ತಿಳಿಸಿ.

ಒಂದು ಡೀಲರ್‌ಶಿಪ್‌ನಲ್ಲಿ 'ಲೈಫ್‌ಟೈಮ್ ಆಯಿಲ್, ಮುಟ್ಟೋದು ಬೇಡ' ಅಂದರು. ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿಗೆ ಆ ಮಾತು ನಡೆದೀತು. ಇದು ಆರು ಗೇರಿನದು, ಕ್ಲಚ್ ಆಯಿಲ್‌ನಲ್ಲೇ ಮುಳುಗಿರುತ್ತೆ. ಸವೆದ ಪುಡಿ ಅದೇ ಆಯಿಲ್ ಜತೆ ಮೆಕಾಟ್ರಾನಿಕ್ಸ್ (ಗೇರ್ ಬದಲಿಸೋ ಕಂಟ್ರೋಲ್ ಯೂನಿಟ್) ವಾಲ್ವ್‌ಗಳಿಗೆ ಹೋಗುತ್ತೆ. ಹಾಗಾಗಿ ಫಿಲ್ಟರ್ ಸಹ ಬದಲಾಗಲೇಬೇಕು. ಆಯಿಲ್ ಐದು ಲೀಟರ್‌ಗಿಂತ ತುಸು ಹೆಚ್ಚು ಹಿಡಿಯುತ್ತೆ, ಆರು ಬಾಟಲಿ ಇರಲಿ.

ಎಡವೋದು ಲೆವೆಲ್ ನೋಡುವಾಗ. ಎಂಜಿನ್ ಆನ್ ಇದ್ದು, ಆಯಿಲ್ 35ರಿಂದ 45 ಡಿಗ್ರಿಯಲ್ಲಿರುವಾಗ ಓವರ್‌ಫ್ಲೋ ಟ್ಯೂಬಿನಿಂದ ತೊಟ್ಟಿಕ್ಕಬೇಕು. ಅರಬೈಲ್ ಘಟ್ಟ ಹತ್ತಿ ಬಂದ ಬಿಸಿ ಗಾಡಿಯನ್ನು ನೇರ ಲಿಫ್ಟಿಗೇರಿಸಿದರೆ ಹಿಗ್ಗಿದ ಆಯಿಲ್ ಹೆಚ್ಚು ಸೋರಿ, ತಣ್ಣಗಾದ ಮೇಲೆ ಕಡಿಮೆ ಬೀಳುತ್ತೆ. ಸ್ಕ್ಯಾನರ್‌ನಲ್ಲಿ ಟೆಂಪರೇಚರ್ ತೋರಿಸಿ ಮಾಡೋರೇ ಬೇಕು.

ಬ್ರೇಕ್ ಫ್ಲೂಯಿಡ್ ಎರಡು ವರ್ಷಕ್ಕೆ ಪೂರ್ತಿ ಬದಲಿಸಬೇಕು, ಅದು ತೇವ ಹೀರುತ್ತೆ. 'ಟಾಪ್-ಅಪ್' ಬೇಡ. ಇದನ್ನೆಲ್ಲ ಪಾರ್ಟ್ ನಂಬರ್ ಸಮೇತ ಜಾಬ್ ಕಾರ್ಡಲ್ಲಿ ಬರೆದುಕೊಡೋ ಕಡೆ ಯಾವುದು? ಸರ್ವಿಸ್ ಬೇ ಪಕ್ಕ ನಿಂತು ನೋಡಲು ಬಿಡ್ತಾರಾ?