ಸೋಶಿಯಲ್ ಸೈಕಾಲಜಿ: ಇದೆಲ್ಲ ಗೊತ್ತಿದ್ದದ್ದೇ ಅಲ್ವಾ?

ಕಾಳಿತೀರ

ಕಾರವಾರದಲ್ಲಿ ಬಿಎ ಓದುತ್ತಿದ್ದೇನೆ. ಈ ಸೆಮಿಸ್ಟರಿಗೆ ಸಾಮಾಜಿಕ ಮನೋವಿಜ್ಞಾನ ಇದೆ. ಕ್ಲಾಸಿನಲ್ಲಿ ಕೇಳುವಾಗ ಚೆನ್ನಾಗೇ ಇರುತ್ತದೆ, ಮನೆಗೆ ಬಂದು ನೋಟ್ಸ್ ತೆಗೆದರೆ ಇದರಲ್ಲಿ ಓದೋದಕ್ಕೆ ಏನಿದೆ ಅನ್ನಿಸುತ್ತದೆ. ಪಕ್ಕದಲ್ಲಿ ಇನ್ನೊಬ್ಬ ಇದ್ದರೆ ಕೆಲಸಕ್ಕೆ ಹುರುಪು ಬರುತ್ತದೆ ಅಂತ ಟ್ರಿಪ್ಲೆಟ್ 1898ರಲ್ಲಿ ಬರೆದ. ಗುಂಪಿನಲ್ಲಿ ಸೇರಿದರೆ ಜನ ಮೈಗಳ್ಳರಾಗುತ್ತಾರೆ ಅಂತ ಇನ್ನೊಬ್ಬ ಬರೆದ. ಇದಕ್ಕೆಲ್ಲ ಪ್ರಯೋಗ ಬೇಕಾ? ನಮ್ಮ ಅಜ್ಜಿ ಎರಡನ್ನೂ ಹೇಳುತ್ತಾಳೆ. ಮೇಲಿಂದ ಉದಾಹರಣೆ ಎಲ್ಲ ಅಮೆರಿಕದ್ದೇ. ಸುಮ್ನೆ ಹೆಸರು, ಇಸವಿ ಬಾಯಿಪಾಠ ಮಾಡಿ ಬರೆದು ಬಂದರೆ ಸಾಕಾ? ಒಂದು ಸಣ್ಣ ಪ್ರಾಜೆಕ್ಟ್ ಬೇರೆ ಕೊಡಬೇಕು, ಅದಕ್ಕೂ ಏನಾದರೂ ಹೇಳಿ.

ಸಿರ್ಸಿಕಡೆಯವ

ಅಜ್ಜಿ ಎರಡನ್ನೂ ಹೇಳುತ್ತಾರೆ ಅಂದಿರಲ್ಲ, ಗಂಟು ಇರೋದೇ ಅಲ್ಲಿ. ಎರಡೂ ನಿಜವಾದರೆ ಯಾವಾಗ ಹುರುಪು, ಯಾವಾಗ ಮೈಗಳ್ಳತನ? ಅದನ್ನು ಅಜ್ಜಿಯನ್ನು ಕೇಳಿ ನೋಡಿ.

ರಿಂಗೆಲ್ಮನ್ ಅಂತ ಫ್ರಾನ್ಸಿನ ಒಬ್ಬ ಕೃಷಿ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ ಬಲ ಅಳೆದ. ಒಬ್ಬೊಬ್ಬರೇ ಎಳೆದಾಗಿನ ಬಲವನ್ನು ಕೂಡಿಸಿದರೆ ಎಷ್ಟಾಗಬೇಕೋ, ಎಂಟು ಜನ ಒಟ್ಟಿಗೆ ಎಳೆದಾಗ ಅದರ ಸುಮಾರು ಅರ್ಧ ಮಾತ್ರ ಬಂತು. ಈಗ ನಿಮ್ಮ ಕಡೆಯ ರಂಪಣಿ ಬಲೆ ನೆನಪಿಸಿಕೊಳ್ಳಿ, ಈಗಿನವರು ನೋಡಿದ್ದು ಕಡಿಮೆ, ಹಿರಿಯ ಮೀನುಗಾರರನ್ನು ಕೇಳಿದರೆ ಹೇಳುತ್ತಾರೆ. ಬಲೆಯ ಎರಡೂ ತುದಿಯ ಹಗ್ಗಕ್ಕೆ ದಡದಲ್ಲಿ ಸಾಲಾಗಿ ಜನ ನಿಂತು ಎಳೆಯುವುದು. ಅಲ್ಲಿ ಬಲ ಕಡಿಮೆ ಬಿತ್ತು ಅಂದರೆ ಯಾರೋ ಕಳ್ಳಾಟ ಆಡಿದರು ಅಂತ ಹೇಗೆ ಹೇಳುತ್ತೀರಿ? ಒಬ್ಬ ಎಳೆಯುವ ಹೊತ್ತಿಗೆ ಇನ್ನೊಬ್ಬ ಕಾಲೂರುತ್ತಿರುತ್ತಾನೆ, ಮತ್ತೊಬ್ಬನ ಕಾಲಡಿ ಮರಳು ಜಾರುತ್ತಿರುತ್ತದೆ. ಸೋಮಾರಿತನ ಬೇರೆ, ತಾಳ ತಪ್ಪೋದು ಬೇರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

1974ರಲ್ಲಿ ಇಂಗಮ್ ಮತ್ತು ಜೊತೆಯವರು ಇವೆರಡನ್ನು ಬಿಡಿಸಿದರು. ಒಬ್ಬನ ಕಣ್ಣು ಕಟ್ಟಿ ಹಗ್ಗದ ಮುಂದಿನ ತುದಿಯಲ್ಲಿ ನಿಲ್ಲಿಸಿದರು, ಹಿಂದೆ ಇನ್ನೂ ಜನ ಎಳೆಯುತ್ತಿದ್ದಾರೆ ಅಂತ ನಂಬಿಸಿದರು. ನಿಜಕ್ಕೂ ಎಳೆಯುತ್ತಿದ್ದದ್ದು ಅವನೊಬ್ಬನೇ, ಹಾಗಾಗಿ ತಾಳ ತಪ್ಪುವ ಮಾತೇ ಇಲ್ಲ. ಆದರೂ ಅವನ ಬಲ ಕಡಿಮೆಯಾಯಿತು! ಆಮೇಲೆ 1979ರಲ್ಲಿ ಲಟಾನೆ, ವಿಲಿಯಮ್ಸ್, ಹಾರ್ಕಿನ್ಸ್ ಚಪ್ಪಾಳೆ, ಕೂಗು ಅಳೆದರು, ಅಲ್ಲೂ ಅದೇ ಕಥೆ. 1981ರಲ್ಲಿ ಇನ್ನೊಂದು ಹೆಜ್ಜೆ ಹೋದರು: ಪ್ರತಿಯೊಬ್ಬರ ದನಿಯೂ ಬೇರೆಯಾಗಿ ಲೆಕ್ಕಕ್ಕೆ ಸಿಗುತ್ತದೆ ಅಂತ ಹೇಳಿದಾಗ ಗುಂಪಿನಲ್ಲಿದ್ದವರೂ ಜೋರಾಗೇ ಕೂಗಿದರು.

ನಮ್ಮಲ್ಲಿ ಅಡಿಕೆ ಸುಲಿಯುವಾಗ ನೋಡಿ. ಹತ್ತಾರು ಜನ ಒಂದೇ ಜಗುಲಿಯಲ್ಲಿ ಕೂತಿರುತ್ತಾರೆ, ಊರಿನ ಹರಟೆಯೆಲ್ಲ ಅಲ್ಲೇ, ಕೈ ಮಾತ್ರ ಯಾರದ್ದೂ ನಿಲ್ಲುವುದಿಲ್ಲ. ಪ್ರತಿಯೊಬ್ಬರ ಮುಂದೆ ಅವರದ್ದೇ ಬುಟ್ಟಿ, ಕೂಲಿ ಸುಲಿದಷ್ಟಕ್ಕೆ. ಅಳೆಯುವಾಗ ಯಾರದ್ದು ಎಷ್ಟು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಇಲ್ಲೊಂದು ತಕರಾರಿದೆ, ಬೇಕಾದರೆ ಪರೀಕ್ಷೆಯಲ್ಲೂ ಬರೆಯಿರಿ. ಕೈ ಓಡೋದು ಲೆಕ್ಕ ಬೇರೆ ಇರೋದಕ್ಕಾ, ದುಡ್ಡಿಗಾ, ನಮ್ಮ ಜಗುಲಿ ನೋಡಿ ಹೇಳೋಕೆ ಆಗಲ್ಲ. ಪ್ರಯೋಗದಲ್ಲಿ ಒಂದನ್ನೇ ಬದಲಿಸಿ ಉಳಿದದ್ದನ್ನು ಹಾಗೇ ಇಡುತ್ತಾರೆ. ಏನು ಬದಲಿಸಿದರು, ಏನು ಹಾಗೇ ಇಟ್ಟರು, ಅಷ್ಟು ಬರೆದರೆ ಇಸವಿ ಒಂದೆರಡು ಆಚೀಚೆ ಆದರೂ ಉತ್ತರ ನಿಲ್ಲುತ್ತದೆ.

ಕುಮಟೆ ಟೀಚರ್

ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ಉದಾಹರಣೆ ಎಲ್ಲ ಅಮೆರಿಕದ್ದು ಅನ್ನೋ ಮಾತಿಗೆ ಮಾತ್ರ ನನ್ನದೊಂದು ಸೇರ್ಪಡೆ.

1934ರ ಬಿಹಾರ ಭೂಕಂಪ ಆದ ಮೇಲೆ ಹಬ್ಬಿದ ಗಾಳಿಸುದ್ದಿಗಳನ್ನು ಜಮುನಾ ಪ್ರಸಾದ್ ಅನ್ನುವವರು ಕಲೆಹಾಕಿ 1935ರಲ್ಲಿ ಪ್ರಕಟಿಸಿದರು. ನೆಲ ನಡುಗಿತ್ತು, ಆದರೆ ಹಾನಿ ಆಗಿರಲಿಲ್ಲ, ಅಂಥ ಊರುಗಳಲ್ಲಿ ಹಬ್ಬಿದ್ದರಲ್ಲಿ ಹೆಚ್ಚಿನವು ಇನ್ನೂ ದೊಡ್ಡ ಅನಾಹುತ ಬರುತ್ತದೆ ಅನ್ನೋ ಸುದ್ದಿಗಳೇ. ಹೆದರಿದವರು ಸಮಾಧಾನದ ಮಾತು ಹುಡುಕಬೇಕಿತ್ತು ಅಲ್ವಾ? ಅಮೆರಿಕದ ಮನೋವಿಜ್ಞಾನಿ ಲಿಯೋನ್ ಫೆಸ್ಟಿಂಗರ್ ಇದನ್ನೇ ಹಿಡಿದರು. ಮೈಯಲ್ಲಿ ಭಯ ಇದೆ, ಕಣ್ಣೆದುರು ಅದಕ್ಕೆ ಕಾರಣ ಇಲ್ಲ. ಸುದ್ದಿ ಆ ಕಾರಣವನ್ನು ಒದಗಿಸುತ್ತದೆ. ಡಾರ್ಜಿಲಿಂಗ್‌ನಲ್ಲಿ ಭೂಕುಸಿತ ಆದಾಗ ಸಿನ್ಹಾ ಅನ್ನುವ ಸಂಶೋಧಕರು ನೋಡಿದರು, ಹಾನಿ ಕಣ್ಣಿಗೆ ಕಾಣುತ್ತಿದ್ದ ಕಡೆ ಅಂಥ ಸುದ್ದಿ ಹಬ್ಬಿರಲಿಲ್ಲ. ಮನಸ್ಸಿನಲ್ಲಿರೋ ಎರಡು ವಿಚಾರ ಒಂದಕ್ಕೊಂದು ಹೊಂದದಿದ್ದರೆ ಕಸಿವಿಸಿಯಾಗಿ ಅವನ್ನು ಹೊಂದಿಸಲು ನೋಡುತ್ತೇವೆ ಅನ್ನೋದು ಫೆಸ್ಟಿಂಗರ್ 1957ರಲ್ಲಿ ಮುಂದಿಟ್ಟ ಕಾಗ್ನಿಟಿವ್ ಡಿಸೊನೆನ್ಸ್ ಸಿದ್ಧಾಂತ, ಅದಕ್ಕೆ ಒಂದು ಬೇರು ಇಲ್ಲಿದೆ.

ನಿಮ್ಮ ಪ್ರಾಜೆಕ್ಟಿಗೆ ಇದು ಸಿಗಬಹುದು. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು, ಆಗಸ್ಟ್ 7ಕ್ಕೆ ನಿಮ್ಮೂರಿನ ಹಳೇ ಕಾಳಿ ಸೇತುವೆ ಬಿತ್ತು. ಆ ದಿನಗಳಲ್ಲಿ ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಬಂದ ಮೆಸೇಜುಗಳು ಈಗಲೂ ಇದ್ದರೆ, ಗ್ರೂಪಿನವರನ್ನು ಕೇಳಿ, ಹೆಸರು ತೆಗೆದು, ಹೆದರಿಸುವಂಥದ್ದೆಷ್ಟು ಸಮಾಧಾನ ಹೇಳುವಂಥದ್ದೆಷ್ಟು ಅಂತ ವಿಂಗಡಿಸಿ. ಹತ್ತಿರದವರು ಕಳಿಸಿದ್ದು, ದೂರದವರು ಕಳಿಸಿದ್ದು ಅಂತ ಬೇರೆ ಮಾಡಿ ನೋಡಿ. ಮನೆಯವರನ್ನು ಕಳಕೊಂಡವರ ಬಾಗಿಲಿಗೆ ಮಾತ್ರ ಪ್ರಶ್ನಾವಳಿ ಹಿಡಿದು ಹೋಗಬೇಡಿ.

ಹೊನ್ನಾವರ ಪ್ಯಾಸೆಂಜರ್

ಎಲ್ಲ ಸರಿ, ಆದರೆ ನೋಟ್ಸಲ್ಲಿ ಇರೋದನ್ನೆಲ್ಲ ನಂಬಬೇಡಿ ಮಾರಾಯ್ರೆ. ಸ್ಟ್ಯಾನ್‌ಫರ್ಡ್ ಜೈಲು ಪ್ರಯೋಗ 1971ರದ್ದು, ವಿದ್ಯಾರ್ಥಿಗಳನ್ನೇ ಕೈದಿ, ಕಾವಲುಗಾರ ಅಂತ ಮಾಡಿ ನಡೆಸಿದ್ದು, ಅದರಲ್ಲಿ ಕಾವಲುಗಾರರಿಗೆ ಹೀಗೆ ನಡೆದುಕೊಳ್ಳಿ ಅಂತ ಮೊದಲೇ ಸೂಚನೆ ಸಿಕ್ಕಿತ್ತು ಅಂತ ಆಮೇಲೆ ದಾಖಲೆ ಹೊರಬಿತ್ತು. ನ್ಯೂಯಾರ್ಕಿನ ಕಿಟ್ಟಿ ಜಿನೊವೀಸ್ ಕೊಲೆಯನ್ನು 38 ಜನ ಸುಮ್ಮನೆ ನೋಡಿದರು ಅನ್ನೋದೂ ಉಬ್ಬಿಸಿ ಬರೆದದ್ದೇ. 2015ರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ಗಟ್ಟಿಯಾಗಿ ನಿಂತವು. ಪಠ್ಯಪುಸ್ತಕಕ್ಕೆ ಈ ಸುದ್ದಿ ತಲುಪೋದು ನಮ್ಮ ರೈಲಿನ ಹಾಗೆ, ತಡವಾಗಿ.

ಕಾಳಿತೀರ

ಅಯ್ಯೋ, ನಮ್ಮ ನೋಟ್ಸಲ್ಲಿ 38 ಅಂತಲೇ ಇದೆ! ಪರೀಕ್ಷೆಯಲ್ಲಿ ಏನು ಬರೆಯಲಿ? ವಾಟ್ಸಾಪ್ ಪ್ರಾಜೆಕ್ಟ್ ಮಾಡುತ್ತೇನೆ ಟೀಚರ್, ಚಿಕ್ಕಪ್ಪ ಗ್ರೂಪಿನ ಅಡ್ಮಿನ್.

ಕುಮಟೆ ಟೀಚರ್

38 ಅಂತ ಆಗ ಪತ್ರಿಕೆಯಲ್ಲಿ ಬಂತು, ಅದು ಸರಿಯಲ್ಲ ಅಂತ ಆಮೇಲೆ ಗೊತ್ತಾಯಿತು ಅಂತ ಒಂದು ಸಾಲು ಬರೆಯಿರಿ. ಅಷ್ಟಕ್ಕೇ ಬಿಡಬೇಡಿ. ಡಾರ್ಲಿ ಮತ್ತು ಲಟಾನೆಯ 1968ರ ಪ್ರಯೋಗದ ಫಲಿತಾಂಶ ಆ ವರದಿಯ ಮೇಲೆ ನಿಂತದ್ದಲ್ಲ. ಪಕ್ಕದ ಕೋಣೆಯಲ್ಲಿ ಒಬ್ಬನಿಗೆ ಫಿಟ್ಸ್ ಬಂದ ಹಾಗೆ ಕೇಳಿಸಿದರು. ಕೇಳಿಸಿಕೊಳ್ಳುತ್ತಿರುವುದು ನಾನೊಬ್ಬನೇ ಅಂದುಕೊಂಡವರಲ್ಲಿ ಶೇಕಡ 85 ಜನ ಅದು ಮುಗಿಯುವ ಮೊದಲೇ ಎದ್ದು ಹೋಗಿ ತಿಳಿಸಿದರು, ಇನ್ನೂ ನಾಲ್ವರು ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ ಶೇಕಡ 31 ಮಾತ್ರ. ಈ ಎರಡು ಅಂಕಿ ಬರೆದರೆ 38ನ್ನು ತಿದ್ದಿದ್ದಕ್ಕೆ ಯಾರೂ ಮಾರ್ಕ್ಸ್ ಕಡಿಯುವುದಿಲ್ಲ. ಚಿಕ್ಕಪ್ಪ ಅಡ್ಮಿನ್ ಆದರೆ ಸಾಲದು, ಉಳಿದವರನ್ನೂ ಕೇಳಿ.